ಪಿಎಚ್.ಡಿ. ಆಯ್ಕೆ ಸಮಿತಿಗೆ ಅರ್ಪಿಸಿದ ಬಿನ್ನವತ್ತಳೆ

ಮಹನೀಯರೇ,

ಗಂಧದ ಹಾರ, ಮೈಸೂರು ಪೇಟ, ಜರಿ ಶಾಲು, ಹಣ್ಣಿನ ಬುಟ್ಟಿಗಳನ್ನು ಯಾರು ಯಾರಿಗೋ ಅರ್ಪಿಸಿ ಅರ್ಪಿಸಿ ದಣಿದಿರುವ ಈ ನಾಡು ತಮ್ಮನ್ನು ಮಾತ್ರ ಇದುವರೆಗೆ ನೆನೆಯಲಿಲ್ಲ. ವರ್ಷಕ್ಕೊಂದೆರಡು ಬಾರಿ ತಣ್ಣನೆಯ ಕೊಠಡಿಯಲ್ಲಿ ಉದ್ದನೆಯ ಮೇಜಿನ ಆಚೆಬದಿಗೆ ಆಸೀನರಾಗಿ, ನೀರಿನ ಬಾಟಲಿ, ಗೋಡಂಬಿಯ ತಟ್ಟೆ, ಅರ್ಜಿಗಳ ಕಟ್ಟು ಇವಿಷ್ಟನ್ನೇ ಆಯುಧವಾಗಿ ಮುಂದಿಟ್ಟುಕೊಂಡು, ದೇಶದ ಶ್ರೇಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗಳ ಹೆಬ್ಬಾಗಿಲನ್ನು ಹಗಲಿಡೀ ಕಾಯುವ ತಾವು ಒಂದು ಶಾಲಿಗೂ ಆಸೆಪಡಲಿಲ್ಲ. ಆ ಲೋಪವನ್ನು ಸರಿಪಡಿಸುವ ಸಲುವಾಗಿ ಈ ಬಿನ್ನವತ್ತಳೆಯನ್ನು ವಿನೀತನಾಗಿ ತಮ್ಮ ಸನ್ನಿಧಿಯಲ್ಲಿ ಓದುತ್ತಿದ್ದೇನೆ. ತಾವು ಯಾವ ಐಐಟಿಯವರು, ಯಾವ ವಿಭಾಗದವರು ಎಂದು ನಾನು ಕೇಳುವುದಿಲ್ಲ. ಗಂಗೆ ಎಲ್ಲಿ ಹರಿದರೂ ಗಂಗೆಯೇ.

ಪರಂಪರಾ ಪಾಲಕರೇ,

ತಮ್ಮ ಕುಲದ ಹಿರಿಮೆಯನ್ನು ಹೇಳದೆ ಮುಂದೆ ಹೋಗಲಾಗದು. ಬೆಂಗಳೂರಿನಲ್ಲಿ ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟುವಾಗ ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನು ಉದಾರವಾಗಿ ಕೊಟ್ಟಿತು. ಆಗ ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ ನಾಲ್ವಡಿಯವರು 1918ರಲ್ಲಿ, ಸರ್ಕಾರಿ ಕೆಲಸಗಳೆಲ್ಲ ಒಂದೇ ಸಮುದಾಯದವರ ಪಾಲಾಗುತ್ತಿವೆಯೆಂದು ಹಿಂದುಳಿದವರು ಮೊರೆಯಿಟ್ಟಾಗ, ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಆ ವಿಚಾರ ಆಗಿನ ದಿವಾನರಿಗೇ ಒಪ್ಪಿಗೆಯಾಗಲಿಲ್ಲ. ಪ್ರತಿಭೆಗೆ ಪೆಟ್ಟು ಬೀಳುವುದೆಂಬ ಆತಂಕ ಆಗಲೂ ಇತ್ತು. ಒಬ್ಬನೇ ಅರಸ ಕೊಟ್ಟ ಎರಡು ಕೊಡುಗೆಗಳಲ್ಲಿ ಭೂಮಿಯನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿ, ಸಾಮಾಜಿಕ ನ್ಯಾಯವನ್ನು ಮಾತ್ರ ಅರಮನೆಯ ಕಡತದಲ್ಲೇ ಸುರಕ್ಷಿತವಾಗಿ ಬಿಟ್ಟುಬಂದ ವಿವೇಕವಿದೆಯಲ್ಲ, ಅದು ಹಂಸಪಕ್ಷಿಗೂ ಕಲಿಸಿಕೊಡಬೇಕಾದ ವಿವೇಕ. ನೂರು ವರ್ಷ ಕಳೆದರೂ ಅದರಲ್ಲಿ ಒಂದಿನಿತೂ ಕಲಬೆರಕೆಯಾಗದಂತೆ ಕಾಪಾಡಿಕೊಂಡು ಬಂದಿರುವವರು ತಾವು.

ಮಿತವ್ಯಯ ಧುರಂಧರರೇ,

ಕಾಯ್ದೆಯನ್ನು ಪಾಲಿಸುವುದು ಸಾಮಾನ್ಯರ ಕೆಲಸ. ಅದನ್ನು ಮಿತವಾಗಿ ಬಳಸುವುದು ಮಹಾತ್ಮರ ಲಕ್ಷಣ. ಕೇಂದ್ರದ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಇತರ ಹಿಂದುಳಿದ ವರ್ಗಗಳಿಗೆ ಶೇ. 27 ಎಂದು ಸಂಸತ್ತು 2006ರ ಕಾಯ್ದೆಯಲ್ಲಿ ಬರೆಯಿತು. ಪಾಪ, ಸಂಸತ್ತಿನಲ್ಲಿ ಕೂತವರು ಜನರಿಂದ ಆಯ್ಕೆಯಾದವರು. ಅವರನ್ನು ಸಂದರ್ಶನ ಮಾಡಿದವರು ಯಾರು? ತಾವು ಆ ಅಂಕಿಗಳನ್ನು ಅಕ್ಷರಶಃ ತೆಗೆದುಕೊಳ್ಳುವ ಒರಟುತನ ತೋರಲಿಲ್ಲ. 2015ರಿಂದ 2019ರವರೆಗಿನ ಐದು ವರ್ಷಗಳಲ್ಲಿ ಐಐಟಿಗಳು ಪಿಎಚ್.ಡಿ.ಗೆ ಸೇರಿಸಿಕೊಂಡವರಲ್ಲಿ ಪರಿಶಿಷ್ಟ ಜಾತಿಯವರು ಶೇ. 9.1, ಪರಿಶಿಷ್ಟ ಪಂಗಡದವರು ಶೇ. 2.1, ಇದು ಸರ್ಕಾರವೇ ಕೊಟ್ಟ ಲೆಕ್ಕ. ಏಳೂವರೆ ಕೊಡಬೇಕಾದಲ್ಲಿ ಎರಡು ಚಿಲ್ಲರೆ ಕೊಟ್ಟು ಉಳಿದುದನ್ನು ಉಳಿತಾಯ ಮಾಡುವ ಈ ಸಂಯಮವನ್ನು ನಮ್ಮ ಲೋಕೋಪಯೋಗಿ ಇಲಾಖೆಯವರು ಕಂಡಿದ್ದರೆ ರಾಜ್ಯದ ಸಾಲವೆಲ್ಲ ಎಂದೋ ತೀರುತ್ತಿತ್ತು. ಬಿ.ಟೆಕ್. ಪ್ರವೇಶದಲ್ಲಿ ಇಂಥ ಉಳಿತಾಯಕ್ಕೆ ಆಸ್ಪದ ಕಡಿಮೆ. ಅಲ್ಲಿ ಪರೀಕ್ಷೆ ಬರೆದವರ ಹಾಳೆಯನ್ನು ಯಂತ್ರ ತಿದ್ದುತ್ತದೆ, ಯಂತ್ರಕ್ಕೆ ಸೂಕ್ಷ್ಮಗಳು ತಿಳಿಯವು. 1973ರಿಂದಲೂ ಐಐಟಿಗಳ ಬಾಗಿಲಲ್ಲಿ ಪರಿಶಿಷ್ಟರ ಮಕ್ಕಳು ಹಾಗೆ ನುಸುಳುತ್ತಲೇ ಬಂದಿದ್ದಾರೆ. ಪಿಎಚ್.ಡಿ.ಯಲ್ಲಾದರೋ ಮನುಷ್ಯರು ಮನುಷ್ಯರನ್ನು ನೋಡಿ ಅಳೆಯುತ್ತಾರೆ. ಇಲ್ಲಿ ತಮ್ಮ ಕಲೆ ಸಂಪೂರ್ಣವಾಗಿ ಅರಳಿದೆ.

ಅನ್ವೇಷಣ ನಿಪುಣರೇ,

ತಾವು ಹುಡುಕುವುದಿಲ್ಲವೆಂದು ದೂರುವವರು ತಮ್ಮ ಪ್ರಕಟಣೆಗಳನ್ನು ಓದಿಲ್ಲ. ಪ್ರತಿ ಪ್ರಕಟಣೆಯ ಕೊನೆಯಲ್ಲಿ, ಮೀಸಲು ವರ್ಗದ ಅಭ್ಯರ್ಥಿಗಳಿಗೆ ಹಾರ್ದಿಕ ಸ್ವಾಗತ ಎಂಬರ್ಥದ ಒಂದು ಸಾಲು ಇದ್ದೇ ಇರುತ್ತದೆ. ಆ ಸಾಲು ಇಂಗ್ಲಿಷಿನಲ್ಲಿರುತ್ತದೆ. ಸಂಸ್ಥೆಯ ಜಾಲತಾಣದಲ್ಲಿ ನಾಲ್ಕು ಕೊಂಡಿಗಳನ್ನು ಒತ್ತಿದ ಮೇಲೆ ತೆರೆದುಕೊಳ್ಳುವ ಪಿಡಿಎಫ್ ಒಂದರಲ್ಲಿ, ಹಾಸ್ಟೆಲ್ಲಿನ ನಿಯಮಗಳಿಗೂ ಶುಲ್ಕದ ಪಟ್ಟಿಗೂ ನಡುವೆ ಇರುತ್ತದೆ. ಬೇಕಾದವರು ಹುಡುಕಿಕೊಂಡು ಬರಲಿ ಎಂಬುದು ಎಂಥ ಋಷಿಸದೃಶ ನಿಲುವು! ಹಿಂದೆ ಗುರುಕುಲಗಳು ಕಾಡಿನಲ್ಲಿದ್ದದ್ದೂ ಇದೇ ಕಾರಣಕ್ಕೆ. ಯಾದಗಿರಿಯ ಸ್ನಾತಕೋತ್ತರ ಕೇಂದ್ರಕ್ಕೋ ಚಾಮರಾಜನಗರದ ಸರ್ಕಾರಿ ಕಾಲೇಜಿಗೋ ಪ್ರಾಧ್ಯಾಪಕರೊಬ್ಬರು ಹೋಗಿ, ಎಂ.ಎಸ್ಸಿ. ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಕುಳಿತು, ಪಿಎಚ್.ಡಿ. ಎಂದರೇನು, ಗೇಟ್ ಪರೀಕ್ಷೆ ಯಾಕೆ, ಸಂಶೋಧನೆ ಮಾಡುವಾಗ ತಿಂಗಳಿಗೆ ಸಂಬಳದಂತೆ ಹಣ ಸಿಗುತ್ತದೆ ಎಂದೆಲ್ಲ ಹೇಳಿ ಬಂದಿದ್ದರೆ ಏನಾಗುತ್ತಿತ್ತು? ಅರ್ಜಿಗಳು ಹೆಚ್ಚುತ್ತಿದ್ದವು. ಅಷ್ಟನ್ನೂ ಓದಬೇಕಾಗುತ್ತಿತ್ತು. ಓದಿದ ಮೇಲೆ ಕೆಲವರನ್ನು ಆರಿಸಬೇಕಾದ ಇಕ್ಕಟ್ಟೂ ಬರಬಹುದಿತ್ತು. ಮುಂದಾಲೋಚನೆಯೆಂದರೆ ಇದು.

ಪ್ರಮಾಣಪತ್ರದ ವಿಷಯದಲ್ಲಿ ತಾವು ತೋರಿರುವ ನಿಷ್ಠೆಯನ್ನು ಕುರಿತು ಒಂದು ಪ್ರತ್ಯೇಕ ಗ್ರಂಥವೇ ಬರಬೇಕು. ನಮ್ಮ ರಾಜ್ಯದಲ್ಲಿ ಹಿಂದುಳಿದವರನ್ನು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ವಿಂಗಡಿಸಿದ್ದಾರೆ. ಕೇಂದ್ರದ ಪಟ್ಟಿಯೇ ಬೇರೆ, ನಮೂನೆಯೇ ಬೇರೆ. ಹುಡುಗ ನಾಡಕಚೇರಿಯಿಂದ ಪಡೆದ, ಆರ್‌ಡಿ ನಂಬರ್ ಇರುವ ಪ್ರಮಾಣಪತ್ರವನ್ನು ಲ್ಯಾಮಿನೇಷನ್ ಮಾಡಿಸಿ ದೇವರಪಟದ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾನೆ. ಅದು ನಡೆಯುವುದಿಲ್ಲ. ಕೇಂದ್ರದ ನಮೂನೆಯೇ ಬೇಕು, ಅದರಲ್ಲೂ ಕೆನೆಪದರಕ್ಕೆ ಸೇರಿಲ್ಲವೆಂಬ ಮಾತು ಈ ವರ್ಷದ್ದೇ ಆಗಿರಬೇಕು. ಹೋದ ವರ್ಷ ಬಡವನಾಗಿದ್ದವನು ಏಪ್ರಿಲ್ ಒಂದರ ಬೆಳಗ್ಗೆ ಶ್ರೀಮಂತನಾಗಿ ಏಳಲಾರನೆಂದು ಯಾರು ಹೇಳಬಲ್ಲರು? ಹುಡುಗ ನಾಡಕಚೇರಿಗೆ ಓಡುತ್ತಾನೆ. ‘ಸರ್ವರ್ ಡೌನ್ ಐತಿ ತಮ್ಮಾ, ನಾಳಿ ಬಾ’ ಎನ್ನುತ್ತಾರೆ. ನಾಳೆ ಹೋದರೆ, ‘ಸಾಹೇಬ್ರು ಎಲೆಕ್ಷನ್ ಡ್ಯೂಟಿಗೆ ಹೋಗ್ಯಾರ’. ಆಮೇಲೆ ಸಿಕ್ಕ ತಹಶೀಲ್ದಾರರು, ‘ಸೆಂಟ್ರಲ್ ನಮೂನಿ ಅಂದ್ರ ಯಾವ್ದಪಾ?’ ಎಂದು ಅವನನ್ನೇ ಕೇಳುತ್ತಾರೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ. ಆಗ ತಾವು ನಿಟ್ಟುಸಿರಿಟ್ಟು, ‘ಅವರ ಕಡೆಯಿಂದ ಅರ್ಜಿಗಳೇ ಬರುವುದಿಲ್ಲ, ನಾವೇನು ಮಾಡೋಣ’ ಎಂದು ಹೇಳುವಾಗ ತಮ್ಮ ಕಣ್ಣಂಚಿನಲ್ಲಿ ಮೂಡುವ ಆ ನಿಜವಾದ ದುಃಖವನ್ನು ಕಂಡು ಕಲ್ಲೂ ಕರಗೀತು.

ಇಲ್ಲಿ ಅಮೆರಿಕದವರ ದುಂದುಗಾರಿಕೆಯನ್ನು ಸ್ವಲ್ಪ ಹೇಳಲೇಬೇಕು, ತಮ್ಮ ಘನತೆ ಆಗ ಇನ್ನಷ್ಟು ಎದ್ದು ಕಾಣುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ 1988ರಲ್ಲಿ ಮೆಯರ್‌ಹಾಫ್ ಎಂಬ ದಾನಿಯ ಹಣದಿಂದ ಒಂದು ಯೋಜನೆ ಹುಟ್ಟಿತು. ಫ್ರೀಮನ್ ರಾಬೋವ್‌ಸ್ಕಿ ಎಂಬ ಗಣಿತಜ್ಞರು ಅದನ್ನು ಕಟ್ಟಿದರು. ಅವರು ಕಪ್ಪು ಸಮುದಾಯದ ಮಕ್ಕಳನ್ನು ತಾವಾಗಿ ಹುಡುಕಿಕೊಂಡು ಹೋಗಿ, ತರಗತಿ ಆರಂಭವಾಗುವ ಮೊದಲೇ ಬೇಸಿಗೆಯಲ್ಲಿ ಕರೆತಂದು ಒಟ್ಟಿಗೆ ಓದಿಸಿ, ಪ್ರಯೋಗಾಲಯಗಳಿಗೆ ಬಿಟ್ಟು, ಸಾಲು ಸಾಲಾಗಿ ಪಿಎಚ್.ಡಿ.ಗೆ ಕಳಿಸಿಬಿಟ್ಟರು. ನ್ಯಾಶ್‌ವಿಲ್ ನಗರದಲ್ಲಿ ಕಪ್ಪು ಜನರ ಫಿಸ್ಕ್ ವಿಶ್ವವಿದ್ಯಾಲಯ ಮತ್ತು ಸಿರಿವಂತರ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2004ರಲ್ಲಿ ಕೈಜೋಡಿಸಿ, ಮೊದಲು ಎಂ.ಎಸ್. ಮಾಡಿಸಿ ಆಮೇಲೆ ಪಿಎಚ್.ಡಿ.ಗೆ ದಾಟಿಸುವ ಸೇತುವೆಯೊಂದನ್ನು ಕಟ್ಟಿದವು. ಪರೀಕ್ಷೆಯ ಅಂಕಕ್ಕಿಂತ ಅಭ್ಯರ್ಥಿಯ ಛಲವನ್ನು ಅಳೆಯುತ್ತೇವೆಂದು ಅವರು ಹೇಳಿಕೊಂಡರು. ಎಂಥ ಅಪಾಯಕಾರಿ ಪ್ರಯೋಗ! ನಮ್ಮಲ್ಲಿ ಛಲವನ್ನು ಅಳೆಯಲು ಹೊರಟರೆ ಮೇಜಿನ ಯಾವ ಬದಿಯವರಿಗೆ ಹೆಚ್ಚು ಅಂಕ ಬರುತ್ತಿತ್ತೋ ಹೇಳಲಾಗದು. ಸದ್ಯ, 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ರವೇಶ ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ಹಿಡಿಯಕೂಡದೆಂದು ತೀರ್ಪಿತ್ತಿದೆ. ನ್ಯಾಯಾಲಯದ ನೆರವಿಲ್ಲದೆಯೇ ನಾವು ತಲುಪಿದ್ದ ಜಾಗಕ್ಕೆ ಅವರು ಕೋರ್ಟಿನ ಮೆಟ್ಟಿಲೇರಿ ಬರಬೇಕಾಯಿತು.

ಸಂದರ್ಶನ ಚಕ್ರವರ್ತಿಗಳೇ,

ಈಗ ತಮ್ಮ ಕಲೆಯ ಗರ್ಭಗುಡಿಗೆ ಬರುತ್ತೇನೆ. ಸುರಪುರದ ಕಡೆಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ., ಗೇಟ್ ಪರೀಕ್ಷೆಯಲ್ಲಿ ತೇರ್ಗಡೆ. ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಿ, ರಾತ್ರಿಯಿಡೀ ಬಾಗಿಲ ಬಳಿ ಪೇಪರ್ ಹಾಸಿ ಕೂತು ಬಂದು, ಬೆಂಗಳೂರಿನ ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದು ಬಂದಿದ್ದಾಳೆ. ತಾವು ಆಕೆಯನ್ನು ಪ್ರೀತಿಯಿಂದ ಕೂರಿಸಿ, ಮೊದಲ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ, ಅದೂ ತಾವು ಬೋಸ್ಟನ್ನಿನಲ್ಲಿ ಕಳೆದ ವರ್ಷಗಳ ಉಚ್ಚಾರದಲ್ಲಿ ಕೇಳುತ್ತೀರಿ. ಅವಳು ಪ್ರಶ್ನೆಯನ್ನು ಎರಡನೆಯ ಸಲ ಹೇಳುವಂತೆ ಬೇಡುತ್ತಾಳೆ. ಒಬ್ಬರು ಕಡೆಗಣ್ಣಿನಿಂದ ಇನ್ನೊಬ್ಬರನ್ನು ನೋಡುತ್ತಾರೆ. ಬೋರ್ಡಿನ ಮೇಲೆ ಸಮೀಕರಣವನ್ನು ಸರಿಯಾಗಿ ಬಿಡಿಸಿದ ಮೇಲೆ, ‘ಇದು ಕಂಠಪಾಠ ಇರಬಹುದು’ ಎಂಬ ಜ್ಞಾನೋದಯ ಸಮಿತಿಗೆ ಒಟ್ಟಿಗೇ ಆಗುತ್ತದೆ. ನಂತರ, ಯಾವ ಕಾಲೇಜು, ತಂದೆ ಏನು ಮಾಡುತ್ತಾರೆ, ಮದುವೆಯ ವಿಚಾರ ಹೇಗೆ, ಬ್ಯಾಂಕಿನ ಪರೀಕ್ಷೆ ಯಾಕೆ ಬರೆಯಬಾರದು, ‘ನಿಮ್ಮವರಿಗೆ ಅಲ್ಲಿ ಸುಲಭವಲ್ಲವೇ’ ಎಂಬ ಪ್ರಶ್ನೆಗಳು. ಇವು ಕ್ವಾಂಟಂ ಭೌತಶಾಸ್ತ್ರದ ಯಾವ ಅಧ್ಯಾಯದಲ್ಲಿ ಬರುತ್ತವೆಂದು ಅಜ್ಞಾನಿಗಳು ಕೇಳಿಯಾರು. ಅಭ್ಯರ್ಥಿಯ ಸರ್ವಾಂಗೀಣ ಹಿತವನ್ನು ಬಯಸುವ ತಂದೆಯ ಮಮತೆಯಿದು ಎಂದು ನಾನು ಬಲ್ಲೆ. ತಂದೆ ಕೂಲಿಯೆಂದಾಗ ಕೊಠಡಿಯಲ್ಲಿ ನೆಲೆಸುವ ಆ ಗೌರವಪೂರ್ಣ ಮೌನ! ಎಂಟು ನಿಮಿಷಗಳಲ್ಲಿ ಎಲ್ಲ ಮುಗಿದು, ‘ಥ್ಯಾಂಕ್ಯೂ, ವಿ ವಿಲ್ ಲೆಟ್ ಯು ನೋ’ ಎಂದು ಅವಳನ್ನು ಕಳಿಸಿ, ನಡಾವಳಿಯ ಪುಸ್ತಕದಲ್ಲಿ ಸೂಕ್ತ ಅಭ್ಯರ್ಥಿಗಳು ದೊರೆಯಲಿಲ್ಲ ಎಂದು ಬರೆದು ಐವರೂ ಸಹಿ ಮಾಡುತ್ತೀರಿ. ಒಮ್ಮತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ದೇಶದಲ್ಲಿ ನನಗೆ ಕಂಡಿಲ್ಲ.

ಸಂದರ್ಶನದ ಈ ಮಹಿಮೆಯನ್ನು ಅಂಕಿಅಂಶದಿಂದ ಕೆಡಿಸಲು ಕೆಲವರು ಹೊರಟದ್ದುಂಟು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಅಬ್ದುಲ್ ನಾಫೆ ಅವರ ಸಮಿತಿ ಹಲವು ವರ್ಷಗಳ ಪ್ರವೇಶದ ಅಂಕಗಳನ್ನು ಕೂಡಿಸಿ ಕಳೆದು, ಲಿಖಿತ ಪರೀಕ್ಷೆಗೂ ಮೌಖಿಕ ಪರೀಕ್ಷೆಗೂ ನಡುವೆ ಮೀಸಲು ವರ್ಗದವರ ಅಂಕಗಳಲ್ಲಿ ತಾರತಮ್ಯದ ಸುಳಿವಿದೆಯೆಂದು ಹೇಳಿ, ಮೌಖಿಕದ ಅಂಕಗಳನ್ನು 30ರಿಂದ 15ಕ್ಕೆ ಇಳಿಸಿರೆಂದು ಶಿಫಾರಸು ಮಾಡಿತು. ಹೆಸರು ಕಾಣದ ಹಾಳೆಯಲ್ಲಿ ಚೆನ್ನಾಗಿ ಬರೆದವರು ಮುಖ ಕಂಡ ಕೂಡಲೇ ದಡ್ಡರಾಗಿಬಿಡುತ್ತಾರೆಂಬ ಈ ಅಚ್ಚರಿ ಮನೋವಿಜ್ಞಾನದ ದೊಡ್ಡ ಶೋಧವೇ ಸರಿ. ಆ ಶೋಧದ ಶ್ರೇಯಸ್ಸು ತಮ್ಮದು. ತಾವು ಮುಖವನ್ನು ನೋಡದಿದ್ದರೆ ಅವರ ದಡ್ಡತನ ಬಯಲಿಗೆ ಬರುತ್ತಲೇ ಇರಲಿಲ್ಲ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಕೆಲವು ಕಿಡಿಗೇಡಿಗಳು ತಮ್ಮ ಬಗ್ಗೆ ಆಡುತ್ತಾರೆಂದು ಕೇಳಿದ್ದೇನೆ. ಗಾದೆ ಕಟ್ಟಿದವನಿಗೆ ಪೂಜಾರಿಯ ಸಂಕಟ ತಿಳಿಯದು. ದೇವರು ಉದಾರಿ, ಯಾರು ಕೈಮುಗಿದರೂ ಕೊಟ್ಟುಬಿಡುತ್ತಾನೆ. ಅರ್ಹತೆಯನ್ನು ನೋಡುವ ವ್ಯವಧಾನ ಅವನಿಗಿಲ್ಲ. ಸಂವಿಧಾನವನ್ನು ಬರೆದವರೂ ಹಾಗೆಯೇ. ಈ ಔದಾರ್ಯದ ಅತಿರೇಕವನ್ನು ಮೆಟ್ಟಿಲ ಮೇಲೆ ನಿಂತು ತಡೆಯುವವರೊಬ್ಬರು ಬೇಡವೇ?

ಯಂತ್ರಶಿಲ್ಪಿಗಳೇ,

ತಮ್ಮ ಇಂಜಿನಿಯರಿಂಗ್ ಪ್ರತಿಭೆಯ ಶಿಖರವೆಂದು ನಾನು ಎಣಿಸುವುದು ಯಾವ ಉಪಗ್ರಹವನ್ನೂ ಅಲ್ಲ, ಯಾವ ಚಿಪ್ಪನ್ನೂ ಅಲ್ಲ. 2020ರಲ್ಲಿ ಐಐಟಿಗಳಲ್ಲಿ ಮೀಸಲಾತಿಯನ್ನು ಸರಿಯಾಗಿ ಜಾರಿಗೆ ತರುವುದು ಹೇಗೆಂದು ಸಲಹೆ ಕೊಡಿರೆಂದು ಕೇಂದ್ರ ಸರ್ಕಾರ ದೆಹಲಿ ಐಐಟಿಯ ಆಗಿನ ನಿರ್ದೇಶಕ ವಿ. ರಾಮಗೋಪಾಲ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಜಾರಿಗೆ ತರುವ ಅತ್ಯುತ್ತಮ ವಿಧಾನವನ್ನು ಸಮಿತಿ ಸೂಚಿಸಿಯೂ ಬಿಟ್ಟಿತು: ಅಧ್ಯಾಪಕರ ನೇಮಕದ ಮೀಸಲಾತಿಯಿಂದ ಐಐಟಿಗಳಿಗೆ ವಿನಾಯಿತಿ ಕೊಟ್ಟುಬಿಡುವುದು. ಕಾರಣವೂ ತರ್ಕಬದ್ಧವಾಗಿತ್ತು: ಮೀಸಲು ವರ್ಗಗಳಲ್ಲಿ ಪಿಎಚ್.ಡಿ. ಮಾಡುವವರೇ ಕಡಿಮೆ, ಆದ್ದರಿಂದ ಅಧ್ಯಾಪಕರು ಸಿಗುವುದಿಲ್ಲ. ಅಧ್ಯಾಪಕರಲ್ಲಿ ಅವರು ಇಲ್ಲದ್ದರಿಂದ ಆಯ್ಕೆಯ ಮೇಜಿನ ಆಚೆಬದಿಗೂ ಅವರಿಲ್ಲ. ಅಲ್ಲಿ ಇಲ್ಲದ್ದರಿಂದ ಈಚೆಬದಿಯಿಂದ ಒಳಗೆ ಬರುವವರೂ ಕಡಿಮೆ. ಒಳಗೆ ಬರುವವರು ಕಡಿಮೆಯಾದ್ದರಿಂದ ಪಿಎಚ್.ಡಿ. ಮಾಡುವವರು ಕಡಿಮೆ. ಹೊರಗಿನಿಂದ ಒಂದು ಹನಿ ಇಂಧನವನ್ನೂ ಬೇಡದೆ ನಿರಂತರ ತಿರುಗುವ ಯಂತ್ರವೊಂದು ಅಸಾಧ್ಯವೆಂದು ಉಷ್ಣಗತಿಶಾಸ್ತ್ರ ಸಾರುತ್ತಿರುವಾಗ, ಅದನ್ನು ನಮ್ಮ ನೆಲದಲ್ಲೇ, ಪೂರ್ಣವಾಗಿ ಸ್ವದೇಶಿಯಾಗಿ ನಿರ್ಮಿಸಿ, ದಶಕಗಳ ಕಾಲ ಒಂದು ಸಲವೂ ಕೆಟ್ಟು ನಿಲ್ಲದಂತೆ ಓಡಿಸಿರುವ ಸಾಧನೆ ತಮ್ಮದು. ಪೇಟೆಂಟ್ ಪಡೆಯದಿರುವುದು ತಮ್ಮ ನಿಸ್ಪೃಹತೆ.

ಕೆಲವು ಸಂಸ್ಥೆಗಳಿಗೆ ಇಷ್ಟು ಶ್ರಮವೂ ಇಲ್ಲ. 2006ರ ಕಾಯ್ದೆಗೆ ಅಂಟಿಸಿದ ಅನುಸೂಚಿಯಲ್ಲಿ, ಈ ಮೀಸಲಾತಿ ಅನ್ವಯಿಸದ ಶ್ರೇಷ್ಠ ಸಂಸ್ಥೆಗಳ ಹೆಸರುಗಳಿವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದರಲ್ಲಿದೆ, ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇದೆ. ಶ್ರೇಷ್ಠತೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಸಾಮಾಜಿಕ ನ್ಯಾಯ ಚಪ್ಪಲಿ ಕಳಚಿ ಹೊರಗೆ ನಿಲ್ಲಬೇಕೆಂಬ ಶಿಷ್ಟಾಚಾರವನ್ನು ಕಾಯ್ದೆಯೇ ಬರೆದುಕೊಟ್ಟಿರುವಾಗ ಹೆಚ್ಚು ಹೇಳುವುದೇನಿದೆ.

ತಪೋಧನರೇ,

ಎಲ್ಲ ಜರಡಿಗಳನ್ನೂ ದಾಟಿ ಒಳಗೆ ಬಂದುಬಿಟ್ಟವರನ್ನೂ ತಾವು ಕೈಬಿಡುವುದಿಲ್ಲ. ಅವರ ವೈರಾಗ್ಯಕ್ಕೆ ಬೇಕಾದ ಏರ್ಪಾಡುಗಳೆಲ್ಲ ಒಳಗಿವೆ. 2018ರಲ್ಲಿ ಬಂದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ಪಿನಲ್ಲಿ ತಿಂಗಳಿಗೆ 70,000ದಿಂದ 80,000 ರೂಪಾಯಿ. ಅದನ್ನು ಪಡೆಯಲು ಒಳ್ಳೆಯ ಅಂಕಗಳೊಂದಿಗೆ ಒಳ್ಳೆಯ ಸಂಸ್ಥೆಯಿಂದಲೇ ಬಂದಿರಬೇಕೆಂಬುದು ಆರಂಭದ ನಿಯಮವಾಗಿತ್ತು. ಸಾಮಾನ್ಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) 2023ರಿಂದ 37,000 ರೂಪಾಯಿ. ತುಂಬಿದ ಕೊಡಕ್ಕೆ ನೀರು ಹೆಚ್ಚು, ಖಾಲಿ ಕೊಡಕ್ಕೆ ಕಡಿಮೆ. ಖಾಲಿ ಕೊಡಕ್ಕೆ ತುಂಬಾ ಸುರಿದರೆ ಅದಕ್ಕೇ ಭಾರವಲ್ಲವೇ? ಇನ್ನು ಪರಿಶಿಷ್ಟರ ಮತ್ತು ಅಲ್ಪಸಂಖ್ಯಾತರ ಹೆಸರಿನ ಫೆಲೋಶಿಪ್ಪುಗಳು ತಿಂಗಳುಗಟ್ಟಲೆ ತಡವಾಗಿ ಬರುವುದರಿಂದ, ಹಾಸ್ಟೆಲ್ ಬಾಕಿ, ಮೆಸ್ ಬಾಕಿ, ಊರಿಗೆ ಕಳಿಸಬೇಕಾದ ಹಣದ ನಡುವೆ ಆ ಮಕ್ಕಳು ಅನುಭವಿಸುವ ಉಪವಾಸ ವ್ರತಗಳ ಪುಣ್ಯ ಎಷ್ಟೆಂದು ಲೆಕ್ಕ ಹಾಕಲಾಗದು. ಮುಸ್ಲಿಂ, ಕ್ರೈಸ್ತ, ಬೌದ್ಧ, ಸಿಖ್ ಮುಂತಾದ ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನಂತೂ 2022ರ ಡಿಸೆಂಬರಿನಲ್ಲಿ, ಬೇರೆ ಯೋಜನೆಗಳಿಂದಲೂ ಇವರಿಗೆ ಸಿಗುತ್ತದೆಯೆಂಬ ಕಾರಣ ಕೊಟ್ಟು ಸರ್ಕಾರ ನಿಲ್ಲಿಸಿತು. ಎರಡು ಬಾಗಿಲಿದ್ದರೆ ಮಕ್ಕಳು ಯಾವುದರಿಂದ ಬರುವುದೆಂದು ಗೊಂದಲಕ್ಕೆ ಬೀಳುತ್ತಾರೆ. ಒಂದನ್ನು ಮುಚ್ಚುವುದು ಕರುಣೆ.

ಊಟದ ವಿಷಯ ಬಂತು. 2023ರಲ್ಲಿ ಮುಂಬಯಿ ಐಐಟಿಯ ಹಾಸ್ಟೆಲ್ ಮೆಸ್ಸಿನಲ್ಲಿ ಸಸ್ಯಾಹಾರಿಗಳಿಗೆ ಪ್ರತ್ಯೇಕ ಮೇಜುಗಳನ್ನಿಟ್ಟು, ಅದನ್ನು ಪ್ರತಿಭಟಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದ ಪ್ರಸಂಗದಲ್ಲಿ ನಾನು ಕಂಡದ್ದು ಪರಂಪರೆಯ ಬಗೆಗಿನ ಭಕ್ತಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲ್ಲಿನಲ್ಲಿ, ಢಾಕಾ ಸೀಮೆಯ ಬಡ ಅಂಗಡಿಕಾರನ ಮಗನೊಬ್ಬನ ಜತೆ ಪಂಕ್ತಿಯಲ್ಲಿ ಕೂತು ಉಣ್ಣಲು ಮೇಲ್ಜಾತಿಯ ಹುಡುಗರು ಒಪ್ಪಿರಲಿಲ್ಲ. ಆ ಹುಡುಗ ಮೇಘನಾದ ಸಹಾ. 1920ರಲ್ಲಿ ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣತೆಯನ್ನು ಅರಿಯುವ ಸಮೀಕರಣ ಕೊಟ್ಟರು. ಬೇರೆ ಕೂತು ಉಂಡದ್ದರಿಂದಲೇ ಅವರಿಗೆ ಆಕಾಶದ ಕಡೆ ನೋಡಲು ಸಮಯ ಸಿಕ್ಕಿತೆಂದು ತಾವು ತರ್ಕಿಸಿದರೆ ನಾನು ತಲೆಬಾಗುತ್ತೇನೆ. ಅದೇ ಮುಂಬಯಿ ಐಐಟಿ 2023ರಲ್ಲೇ, ಪರಸ್ಪರರ ಜೆಇಇ ರ‍್ಯಾಂಕನ್ನೋ ಗೇಟ್ ಅಂಕವನ್ನೋ ಕೇಳಬೇಡಿರೆಂದು ವಿದ್ಯಾರ್ಥಿಗಳಿಗೆ ಸೂಚನೆ ಹೊರಡಿಸಿದ್ದು ಮಾತ್ರ ನನಗೆ ಸ್ವಲ್ಪ ನೋವು ತಂದಿತು. ಜಾತಿಯನ್ನು ಕೇಳದೆ ಜಾತಿಯನ್ನು ತಿಳಿಯುವ ಅಷ್ಟು ಸುಸಂಸ್ಕೃತ ದಾರಿಯನ್ನು ಯಾಕೆ ಮುಚ್ಚಬೇಕಿತ್ತು?

ಕೃತಜ್ಞ ಶಿರೋಮಣಿಗಳೇ,

ತಮಗೆ ಅಂಬೇಡ್ಕರರ ಬಗ್ಗೆ ಗೌರವವಿಲ್ಲವೆಂದು ಯಾರೂ ಹೇಳಲಾರರು. ಪ್ರತಿ ಏಪ್ರಿಲ್ 14ರಂದು ತಾವು ಅವರ ಭಾವಚಿತ್ರಕ್ಕೆ ಸೇವಂತಿಗೆ ಹಾರ ಹಾಕಿ, ಎರಡು ಮಾತಾಡಿ, ಉಪ್ಪಿಟ್ಟು ಕೇಸರಿಬಾತು ಹಂಚುತ್ತೀರಿ. ಬರೋಡಾದ ಸಯಾಜಿರಾವ್ ಗಾಯಕವಾಡರು 1913ರಲ್ಲಿ ತಿಂಗಳಿಗೆ 11.5 ಪೌಂಡಿನ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿಂದ ಪಿಎಚ್.ಡಿ., ಲಂಡನ್ನಿನಿಂದ ಡಿ.ಎಸ್ಸಿ., ಹೀಗೆ ಎರಡೆರಡು ಡಾಕ್ಟರೇಟ್ ಪಡೆದು ಬಂದರು. ಗಾಯಕವಾಡರಿಗೆ ಸಂದರ್ಶನ ಸಮಿತಿಯ ಸಲಹೆ ಇರಲಿಲ್ಲವೆಂಬುದು ಇತಿಹಾಸದ ಒಂದು ದೊಡ್ಡ ಅಜಾಗರೂಕತೆ. ಈಗ ತಾವು ಅದಕ್ಕೆ ಅವಕಾಶ ಕೊಡದೆ, ಡಾಕ್ಟರೇಟ್ ಪಡೆದ ಅಂಬೇಡ್ಕರರನ್ನು ಗೋಡೆಯ ಮೇಲೆ ಸುಭದ್ರವಾಗಿ ಇರಿಸಿಕೊಂಡಿದ್ದೀರಿ. ಭಾವಚಿತ್ರವು ಮಾರ್ಗದರ್ಶಕರನ್ನು ಕೇಳುವುದಿಲ್ಲ, ಫೆಲೋಶಿಪ್ ಬಂದಿಲ್ಲವೆಂದು ಕಚೇರಿಗೆ ಅಲೆಯುವುದಿಲ್ಲ, ಪ್ರಬಂಧವನ್ನು ಆರು ತಿಂಗಳು ಮೇಜಿನ ಮೇಲೆ ಬಿಟ್ಟರೂ ದೂರು ಕೊಡುವುದಿಲ್ಲ. ಇಂಥ ವಿದ್ಯಾರ್ಥಿ ಸಿಗುವುದಾದರೆ ಶೇ. 15ನ್ನು ಏಕೆ, ಐವತ್ತನ್ನೂ ತುಂಬಿಸಲು ತಾವು ಸಿದ್ಧರೆಂದು ನನಗೆ ಸಂದೇಹವೇ ಇಲ್ಲ.

ತಮಗೆ ದೀರ್ಘಾಯುಸ್ಸನ್ನೂ, ಇನ್ನೂ ಹಲವು ಸಮಿತಿಗಳ ಸದಸ್ಯತ್ವವನ್ನೂ, ಪ್ರತಿ ಸಭೆಗೆ ತಕ್ಕ ಭತ್ಯೆಯನ್ನೂ ಕೋರಿ ಈ ಬಿನ್ನವತ್ತಳೆಯನ್ನು ಮುಗಿಸುವ ಮುನ್ನ, ಇದನ್ನು ಪಕ್ಕದಲ್ಲಿ ನಿಂತು ಕೇಳುತ್ತಿರುವ ಊರಿನ ಹಿರಿಯರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಕೇರಿಯಲ್ಲಿ, ಹಟ್ಟಿಯಲ್ಲಿ, ತಾಂಡಾದಲ್ಲಿ, ಹಾಡಿಯಲ್ಲಿ ಎಂ.ಎಸ್ಸಿ.ಯೋ ಬಿ.ಇ.ಯೋ ಮಾಡಿ ಮನೆಯಲ್ಲಿರುವ ಮಗನೋ ಮಗಳೋ ಇದ್ದರೆ, ಗೇಟ್ ಬರೆಸಿ, ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು ಏಪ್ರಿಲ್ ತಿಂಗಳಲ್ಲೇ ಮಾಡಿಸಿಟ್ಟು, ಪ್ರತಿ ವರ್ಷ ತಪ್ಪದೆ ಅರ್ಜಿ ಹಾಕಿಸಿರಿ. ಒಬ್ಬರಲ್ಲ, ಊರಿಗೆ ಹತ್ತು ಜನ ಹಾಕಲಿ. ಅರ್ಜಿಗಳೇ ಬಾರದಿದ್ದರೆ ಈ ಮಹನೀಯರು ಯಾರನ್ನು ಸೂಕ್ತರಲ್ಲವೆಂದು ತೀರ್ಮಾನಿಸಬೇಕು?